ಒಂಬತ್ತನೆಯ ಸಾಲು

ನಮ್ಮ ದೇಶಕ್ಕೆ ಯಾರೂ ಆಯುಧ ಮಾರಬಾರದೆಂದು ಹೊರದೇಶಗಳೆಲ್ಲ ಸೇರಿ ಹಾಕಿದ್ದ ನಿರ್ಬಂಧ ಆರು ವರ್ಷಗಳ ಮೇಲೆ ಸೋಮವಾರ ತೆರವಾಯಿತು. ಬಂದರಿನ ಸುಂಕದ ಕಚೇರಿಯಲ್ಲಿ ಸಿಹಿ ಹಂಚಿದರು. ಗೋದಾಮಿನ ಗುಮಾಸ್ತನಾದ ನನಗೂ ಒಂದು ತುಂಡು ಬಂತು. ತಿನ್ನದೆ ಮೇಜಿನ ಮೇಲೇ ಇಟ್ಟೆ.

ನಿರ್ಬಂಧ ಇದ್ದಷ್ಟು ದಿನ ನಮಗೊಂದು ಸುತ್ತೋಲೆ ಇತ್ತು. ಕಾಗದದಲ್ಲಿ ‘ಶಸ್ತ್ರ’ ಎಂಬ ಪದವಿರುವ ಯಾವ ಸರಕನ್ನೂ ಬಿಡಬಾರದು, ಬೀಗದ ಕೋಣೆಗೆ ಹಾಕಬೇಕು. ನಾನು ಅಕ್ಷರ ತಪ್ಪದೆ ಪಾಲಿಸಿದೆ. ಅದರಲ್ಲೇ ಕೆಟ್ಟೆ. ಎರಡು ವರ್ಷದ ಹಿಂದೆ ಸರ್ಕಾರಿ ಆಸ್ಪತ್ರೆಗೆ ಬಂದ ಪೆಟ್ಟಿಗೆಯೊಂದರ ಮೇಲೆ ‘ಶಸ್ತ್ರಚಿಕಿತ್ಸೆಯ ಸಲಕರಣೆ’ ಎಂದಿತ್ತು. ಅದನ್ನೂ ಒಳಗೆ ಹಾಕಿ ಬೀಗ ಜಡಿದೆ.

ಆ ಆಸ್ಪತ್ರೆಯಲ್ಲಿ ನರ್ಸ್ ಆಗಿರುವವಳು ನನ್ನ ಸ್ವಂತ ಅಕ್ಕ. ಗೋದಾಮಿನ ಬಾಗಿಲಿಗೇ ಬಂದಳು.

“ಪುಟ್ಟಾ, ಆ ಒಂದು ಪದ ಹೊಡೆದು ಹಾಕೋ. ಹಳೇ ಕತ್ತರಿಗಳು ಮೊಂಡಾಗಿವೆ.”

“ಮೇಲಿನವರಿಗೆ ಬರೆದಿದೀನಿ ಅಕ್ಕ. ಉತ್ತರ ಬರ್ಲಿ.”

“ಸುಂಕದವನ ಮುಂದೆ ಸುಖದುಃಖ ಹೇಳ್ಕೊಂಡ ಹಾಗಾಯ್ತು,” ಎಂದು ಹೊರಟುಹೋದಳು.

ಉತ್ತರ ಬರಲಿಲ್ಲ. ಆ ವಾರವೇ ಕಟ್ಟಡಕ್ಕೆ ಕಟ್ಟಿದ್ದ ಸಾರುವೆಯಿಂದ ಬಿದ್ದ ಗಾರೆ ಕೆಲಸದವನೊಬ್ಬ ಅವಳ ಕಣ್ಣೆದುರೇ ಆಪರೇಷನ್ ಮೇಜಿನ ಮೇಲೆ ತೀರಿಕೊಂಡ. ಅಂದಿನಿಂದ ಅಕ್ಕ ನನ್ನನ್ನು ‘ನೀವು’ ಎನ್ನತೊಡಗಿದಳು. ಎತ್ತಿ ಆಡಿಸಿದವಳು, ಮೂಗು ಒರೆಸಿದವಳು, “ಗೋದಾಮಿನವರೇ, ಊಟ ಆಯ್ತಾ ನಿಮ್ದು?” ಎಂದು ಕೇಳಿದರೆ ಅನ್ನ ಹೇಗೆ ಸೇರಬೇಕು? ಬೈದಿದ್ದರೆ ಸಹಿಸುತ್ತಿದ್ದೆ. ಆ ಮರ್ಯಾದೆ ಸಹಿಸಲಾಗಲಿಲ್ಲ.

ಮಂಗಳವಾರ ಹೊಸ ಆದೇಶ ಬಂತು: ಬೀಗದ ಕೋಣೆಯಲ್ಲಿರುವ ಎಲ್ಲ ಶಸ್ತ್ರಗಳನ್ನೂ ಸೈನ್ಯಕ್ಕೆ ಒಪ್ಪಿಸಿ. ಪಟ್ಟಿಯಲ್ಲಿ ಒಂಬತ್ತು ಸಾಲು. ಎಂಟರಲ್ಲಿ ಬಂದೂಕು, ಗುಂಡು, ಅವುಗಳ ಬಿಡಿಭಾಗ. ಒಂಬತ್ತನೆಯದು ಅಕ್ಕನ ಪೆಟ್ಟಿಗೆ. ಅದೂ ಲಾರಿ ಹತ್ತಿದರೆ ಇನ್ನು ಯಾವ ಜನ್ಮಕ್ಕೂ ಆಸ್ಪತ್ರೆ ಸೇರುವುದಿಲ್ಲ.

ಹೊರಗೆ ಸೈನಿಕರು ಕಾಯುತ್ತಿದ್ದರು. ನಾನು ಪೆನ್ನು ತೆಗೆದು ಒಂಬತ್ತನೆಯ ಸಾಲಿನಲ್ಲಿ ‘ಶಸ್ತ್ರ’ ಎಂಬುದನ್ನು ಹೊಡೆದುಹಾಕಿದೆ. ಉಳಿದದ್ದು ‘ಚಿಕಿತ್ಸೆಯ ಸಲಕರಣೆ’. ಅಷ್ಟೇ ಕೆಲಸ. ಇಷ್ಟಕ್ಕೆ ಎರಡು ವರ್ಷ ಹೆದರಿ ಕೂತಿದ್ದೆನಲ್ಲ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಮಿಕ್ಕ ಎಂಟು ಸಾಲಿಗೆ ರುಜು ಹಾಕಿ ಕೊಟ್ಟೆ.

ಮಧ್ಯಾಹ್ನ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ಹೋದೆ. ಅಕ್ಕ ಮುಚ್ಚಳ ತೆಗೆದಳು. ಎಣ್ಣೆ ಕಾಗದ ಬಿಚ್ಚಿ, ಒಂದು ಕತ್ತರಿಯನ್ನು ಬೆಳಕಿಗೆ ಹಿಡಿದು ನೋಡಿದಳು. ತುಕ್ಕು ಹಿಡಿದಿರಲಿಲ್ಲ.

“ಊಟ ಮಾಡಿದ್ಯೇನೋ ಪುಟ್ಟಾ?” ಎಂದಳು.

ಕಣ್ಣು ತುಂಬಿ ಬಂತು. ಇಲ್ಲವೆಂದು ತಲೆಯಾಡಿಸಿದೆ.

“ಆ ಕೋಣೇಲಿದ್ದ ಬೇರೆ ಪೆಟ್ಟಿಗೆಗಳು?”

“ಬೆಳಿಗ್ಗೇನೇ ಹೋದ್ವು ಅಕ್ಕ. ನಾಲ್ಕು ಲಾರಿ.”

ಅಕ್ಕ ಕತ್ತರಿಗಳನ್ನು ಒಂದೊಂದಾಗಿ ಕುದಿಯುವ ನೀರಿಗೆ ಬಿಟ್ಟಳು.

“ಹಾಗಾದ್ರೆ ಇದೊಂದು ಪೆಟ್ಟಿಗೆ ಸಾಲಲ್ಲ ಕಣೋ,” ಎಂದಳು.