ಆರು ಚುಕ್ಕಿಯ ತಪ್ಪು

ಅಣ್ಣ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ತಮ್ಮನ ಹೆಬ್ಬೆರಳನ್ನು ಉಜ್ಜುತ್ತಲೇ ಇದ್ದ. ಉಗುರಿನ ಅಂಚಿನಲ್ಲಿ ಕೂತಿದ್ದ ಕಪ್ಪು ಬಣ್ಣ ಜಪ್ಪಯ್ಯ ಅಂದರೂ ಹೋಗಲಿಲ್ಲ.

"ಬಿಡಿ ಭಾವ," ಎಂದಳು ತಮ್ಮನ ಹೆಂಡತಿ. "ಬದುಕಿದ್ದಾಗ್ಲೇ ಹೋಗಿಲ್ಲ, ಈಗ ಹೋಗತ್ತಾ?"

"ಬಂದವರೆಲ್ಲ ಇದನ್ನೇ ನೋಡ್ತಾರಮ್ಮ."

"ನೋಡ್ಲಿ. ಆ ಕೈ ನೋಡೋಕೇ ತಾನೇ ಬಂದಿರೋದು."

ಮಾತು ನಿಜ. ಅದಕ್ಕೇ ಅಣ್ಣನಿಗೆ ಉರಿ. ಹೊರಗಿನ ಕೋಣೆಯಲ್ಲಿ ಕೂತಿದ್ದ ಹದಿನೈದು ಜನರೂ ಅಂಗಡಿಯ ಗಿರಾಕಿಗಳು. ಅರ್ಧ ಜನ ಸಾವಿನ ಮನೆಗೂ ಕ್ಯಾಮೆರಾ ಚೀಲ ಹೊತ್ತು ಬಂದಿದ್ದರು. ರಿಪೇರಿ ಅಂಗಡಿ ತೆರೆದವನು ಅಣ್ಣ, ತಮ್ಮನ ಕೈಗೆ ಮೊದಲು ಸ್ಕ್ರೂಡ್ರೈವರ್ ಕೊಟ್ಟವನು ಅಣ್ಣ. ಆದರೂ ಊರಿಗೆಲ್ಲ ಗೊತ್ತಿದ್ದುದು ತಮ್ಮ, 'ಚುಕ್ಕಿ ಮೇಷ್ಟ್ರು' ಎಂದು.

ಆ ದುಬಾರಿ ಕ್ಯಾಮೆರಾಗಳಿಗೆ ಒಂದು ಜಂಬ. ಸ್ವಂತ ಕಂಪನಿಯ ಲೆನ್ಸನ್ನಷ್ಟೇ ಗುರುತು ಹಿಡಿಯುತ್ತವೆ. ಲೆನ್ಸಿನ ಹಿಂಬದಿಯ ಲೋಹದ ಬಳೆಯ ಮೇಲೆ ಕಪ್ಪು ಬಿಳುಪಿನ ಆರು ಚುಕ್ಕಿಗಳ ಸಾಲಿರುತ್ತದೆ. ಕ್ಯಾಮೆರಾ ಅದನ್ನು ಓದಿ ಇದು ಇಂಥ ಲೆನ್ಸು ಎಂದು ತಿಳಿದು ಚಿತ್ರವನ್ನು ತಿದ್ದಿಕೊಳ್ಳುತ್ತದೆ. ಬೇರೆ ಕಂಪನಿಯ ಅಗ್ಗದ ಲೆನ್ಸಿಗೆ ಆ ಚುಕ್ಕಿಗಳನ್ನು ಸತ್ತ ತಮ್ಮನೇ ಪೆನ್ನು ಹಿಡಿದು ಕೈಯಿಂದ ಇಡುತ್ತಿದ್ದ. ಸಾಸಿವೆಯಷ್ಟು ಜಾಗ, ಅದರಲ್ಲೂ ಕೂದಲೆಳೆ ಆಚೀಚೆ ಆಗುವಂತಿಲ್ಲ.

"ಗಾಡಿ ಬರೋಕೆ ಮುಂಚೆ ಅವ್ರಿಗೆ ಒಂದ್ಮಾತು ಹೇಳ್ಬಿಡಿ ಭಾವ," ಎಂದಳು ಅವಳು ದನಿ ತಗ್ಗಿಸಿ. "ಇನ್ಮೇಲೆ ಚುಕ್ಕಿ ಕೆಲ್ಸ ನೀವೇ ಮಾಡ್ತೀರಿ ಅಂತ. ಇಲ್ದಿದ್ರೆ ಬೇರೆ ಕಡೆ ಹೋಗ್ಬಿಡ್ತಾರೆ. ಅಂಗಡಿ ಮುಚ್ಚಿದ್ರೆ ನಿಮ್ಮನೆ ನಮ್ಮನೆ ಎರಡೂ ಕಡೆ ಒಲೆ ಆರತ್ತೆ."

ಅಣ್ಣ ತಲೆಯಾಡಿಸಿ ಹೊರಗೆ ಬಂದ. ಸತ್ತ ಎಮ್ಮೆಗೆ ಹನ್ನೆರಡು ಸೇರು ಹಾಲು ಅನ್ನುವ ಹಾಗೆ ಅಲ್ಲಿ ಹೊಗಳಿಕೆ ನಡೆದಿತ್ತು.

"ಇಷ್ಟು ವರ್ಷದಲ್ಲಿ ಅವ್ರು ತಪ್ಪಿದ್ದು ಒಂದೇ ಸಲ," ಎನ್ನುತ್ತಿದ್ದರು ಗಿರಾಕಿಗಳಲ್ಲೊಬ್ಬರಾದ ಲಾಯರು. "ಅದೂ ನನ್ನ ಲೆನ್ಸಲ್ಲೇ. ಇಪ್ಪತ್ತೆಂಟು ಎಂಎಂ ಲೆನ್ಸು ಹಾಕಿದ್ರೆ ಕ್ಯಾಮೆರಾ ತೊಂಬತ್ತು ಎಂಎಂ ಅಂತಿತ್ತು! ಫೋಟೋ ಮೂಲೆಯೆಲ್ಲ ಕೆಂಪು. ಬಯ್ಯೋಣ ಅಂತ ಹೋದೆ. 'ನಂದೇ ತಪ್ಪು ಸಾರ್' ಅಂದ್ರು, ಕೂತ್ಕೊಂಡು ಸರಿ ಮಾಡ್ಕೊಟ್ರು. ಎಂಥ ಮನುಷ್ಯ!"

"ಯಾರ್ರೀ ಒಪ್ಕೋತಾರೆ ಈ ಕಾಲದಲ್ಲಿ?" ಎಂದರು ಪಕ್ಕದಲ್ಲಿದ್ದ ಹಲ್ಲಿನ ಡಾಕ್ಟರು, ಕಣ್ಣೊರೆಸಿಕೊಂಡು.

*

ಅದು ಅಣ್ಣನ ತಪ್ಪು. ತಮ್ಮ ಜ್ವರ ಬಂದು ಮಲಗಿದ್ದ ದಿನ ಲಾಯರ ಲೆನ್ಸು ಅಂಗಡಿಯಲ್ಲಿತ್ತು. ಇವನೊಬ್ಬನಿಗೇ ಬರುವ ವಿದ್ಯೆಯೇ ಎಂದು ಅಣ್ಣ ಯಾವ ಲೆನ್ಸಿಗೆ ಯಾವ ಸಾಲು ಎಂಬ ಪಟ್ಟಿ ನೋಡಿಕೊಂಡು ಚುಕ್ಕಿ ಇಟ್ಟ. ಎಡದಿಂದ ಇಡಬೇಕಾದ್ದನ್ನು ಬಲದಿಂದ ಇಟ್ಟ.

ಲಾಯರು ಕೂಗಾಡುತ್ತಾ ಬಂದಾಗ ತಮ್ಮ ಲೆನ್ಸಿನ ಹಿಂಬದಿಯನ್ನೊಮ್ಮೆ ನೋಡಿದ, ಅಣ್ಣನ ಕಡೆ ನೋಡಲಿಲ್ಲ. "ನಂದೇ ತಪ್ಪು ಸಾರ್," ಎಂದ.

ಅವರು ಹೋದ ಮೇಲೂ ಆ ಮಾತೆತ್ತಲಿಲ್ಲ. ಬೈದಿದ್ದರೆ ಅಣ್ಣ ಮರೆತುಬಿಡುತ್ತಿದ್ದ. ಆಮೇಲೆ ಕದ್ದುಮುಚ್ಚಿ ಕಲಿತ. ಎರಡು ವರ್ಷದಲ್ಲಿ ಅವನ ಚುಕ್ಕಿಗೂ ತಮ್ಮನ ಚುಕ್ಕಿಗೂ ಭೂತಗನ್ನಡಿ ಹಿಡಿದರೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಆದರೆ ತೋರಿಸುವುದು ಯಾರಿಗೆ? ಬಂದವರೆಲ್ಲ ಕೇಳುತ್ತಿದ್ದುದು, "ಮೇಷ್ಟ್ರಿಲ್ವಾ?"

*

"ಆ ತಪ್ಪು ನಂದು," ಎಂದ ಅಣ್ಣ.

ಎಲ್ಲರೂ ತಿರುಗಿದರು. ಲಾಯರ ಕಣ್ಣು ತುಂಬಿತು. "ನೋಡಿ, ತಮ್ಮನ ಮೇಲೆ ಎಷ್ಟು ಪ್ರೀತಿ! ಸತ್ತ ಮೇಲೂ ಅವ್ರ ಹೆಸರಿಗೆ ಒಂದು ಮಸಿ ಇರಬಾರ್ದು ಅಂತಾರೆ."

"ಪ್ರೀತಿ ಅಲ್ರೀ. ನಿಜ. ಹಾಕಿದ್ದು ನಾನು."

"ಆಯ್ತು, ಆಯ್ತು. ಕೂತ್ಕೊಳಿ, ನೀರು ಕುಡೀರಿ."

ಅಣ್ಣ ಕೂರಲಿಲ್ಲ. ಹೆಸರೆಲ್ಲ ತಮ್ಮನಿಗೇ ಹೋಯಿತು, ಹೋಗಲಿ. ತಾನು ಮಾಡಿದ ತಪ್ಪೂ ಅವನ ದೊಡ್ಡತನದ ಲೆಕ್ಕಕ್ಕೇ ಸೇರಬೇಕೇ? "ಕೊಡಿ ಇಲ್ಲಿ," ಎಂದು ಲಾಯರ ಕ್ಯಾಮೆರಾದಿಂದ ಲೆನ್ಸು ಕಳಚಿದ. ಜೇಬಿನಿಂದ ಚುಕ್ಕಿ ಇಡುವ ಕಪ್ಪು, ಬಿಳಿ ಪೆನ್ನುಗಳನ್ನು ತೆಗೆದ. ಸ್ಪಿರಿಟ್ ಹತ್ತಿ ಇನ್ನೂ ಕೈಯಲ್ಲೇ ಇತ್ತು. ತಮ್ಮನ ಆರು ಚುಕ್ಕಿಗಳನ್ನು ಒಂದೇ ಸಲಕ್ಕೆ ಒರೆಸಿಬಿಟ್ಟ.

"ಅಯ್ಯೋ, ಅದು ಮೇಷ್ಟ್ರು ಹಾಕಿದ್ದು!"

ಅವನು ಕೇಳಿಸಿಕೊಳ್ಳಲಿಲ್ಲ. ಅಂದಿನಂತೆಯೇ ಬೇಕೆಂದೇ ಬಲದಿಂದ ಎಡಕ್ಕೆ ಕಪ್ಪು, ಬಿಳುಪು ಇಟ್ಟ. ಊದಿ ಒಣಗಿಸಿ, ಲೆನ್ಸು ಕೂರಿಸಿ, ಕ್ಯಾಮೆರಾವನ್ನು ಲಾಯರ ಮುಖಕ್ಕೆ ಹಿಡಿದ. ಪರದೆಯ ಮೇಲೆ ತೊಂಬತ್ತು ಎಂದು ಬಂತು.

"ನೋಡಿದ್ರಾ! ಅವತ್ತು ಬಂದಿದ್ದೂ ಇದೇ ಅಲ್ವಾ? ಈಗ್ಲಾದ್ರೂ ನಂಬ್ತೀರಾ?"

ಲಾಯರು ಅವನ ಹೆಗಲ ಮೇಲೆ ಕೈಯಿಟ್ಟರು. "ಇಂಥ ದಿನ ಯಾರ ಕೈಯಾದ್ರೂ ನಡುಗತ್ತೆ ಬಿಡಿ."

"ನಡುಗ್ಲಿಲ್ಲ ಸಾರ್! ಬೇಕಂತ್ಲೇ ಹಾಕಿದ್ದು. ಕೊಡಿ, ಈಗ ಸರಿಯಾಗಿ ಹಾಕಿ ತೋರಿಸ್ತೀನಿ."

"ಬೇಡ, ಬೇಡ," ಎಂದು ಲಾಯರು ಮೆಲ್ಲನೆ ಕ್ಯಾಮೆರಾ ಬಿಡಿಸಿಕೊಂಡರು. "ಆಮೇಲೆ ನೋಡೋಣ."

ಒಳಬಾಗಿಲಲ್ಲಿ ತಮ್ಮನ ಹೆಂಡತಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವಳು ಭಾವನನ್ನು ನೋಡಲಿಲ್ಲ. ಹಲ್ಲಿನ ಡಾಕ್ಟರನ್ನು ನೋಡುತ್ತಿದ್ದಳು. ಅವರು ಇದಕ್ಕೂ ಚುಕ್ಕಿ ಇಟ್ಟುಕೊಡಿ ಎಂದು ಅಣ್ಣನನ್ನು ಕೇಳೋಣವೆಂದು ಆಗಲೇ ಹೊರತೆಗೆದಿದ್ದ ಲೆನ್ಸಿಗೆ ಮುಚ್ಚಳ ಹಾಕಿ, ಚೀಲದೊಳಗಿಟ್ಟು, ಸದ್ದಾಗದಂತೆ ನಿಧಾನವಾಗಿ ಜಿಪ್ ಎಳೆದರು. ಅವರ ಪಕ್ಕದವರೂ ಎಳೆದರು. ಆಮೇಲೆ ಗೋಡೆಯ ಬದಿಯಲ್ಲಿ ಕೂತಿದ್ದವರು.