ನೀರು ಬೆರೆಸಿದ ಬಫರ್

ಜೊತೆಗೇ ಕೆಲಸ ಮಾಡುವ ನಾದಿನಿ ಕರೆದೂ ಕರೆದೂ, ಉಣ್ಣೆ ನೂಲಿಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಆಕೆ ಎಲ್ಲರಿಗೂ ಅತ್ತಿಗೆಯೇ ಆಗಿಹೋಗಿದ್ದಳು. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವನಾದ ಕಾವಲುಗಾರನಿಗೂ ಅತ್ತಿಗೆಯೇ. ಹನ್ನೊಂದು ವರ್ಷ ಬಣ್ಣದ ಕೋಣೆಯಲ್ಲಿ ಗಾಜಿನ ಪಾತ್ರೆ ತೊಳೆದವಳಿಗೆ ಇವತ್ತು ಪರೀಕ್ಷೆ. ಒಂದು ಗಾಡಿ ನೂಲಿಗೆ ಒಂದೇ ಸಮನಾಗಿ ಕಡುನೀಲಿ ಹಿಡಿಸಿದರೆ ಸೋಮವಾರದಿಂದ ಬಣ್ಣದ ತೊಟ್ಟಿ ಅವಳ ವಶಕ್ಕೆ. ಕೆಟ್ಟರೆ ಮತ್ತೆ ಅದೇ ಪಾತ್ರೆ, ಅದೇ ಬ್ರಷ್ಷು.

ಅತ್ತಿಗೆಯ ಕೈ ಸ್ವಲ್ಪ ಬಿಗಿ. ತೊಟ್ಟಿಗೆ ಬಫರ್ ದ್ರಾವಣ ಕಲಸುವಾಗ ಆಮ್ಲವನ್ನೂ ಲವಣವನ್ನೂ ಹೇಳಿದ್ದರಲ್ಲಿ ಕಾಲು ಪಾಲಷ್ಟೇ ಹಾಕಿ, ಉಳಿದದ್ದನ್ನು ಉಗ್ರಾಣಕ್ಕೆ ವಾಪಸು ಕಳಿಸಿ, ಅದರ ಬದಲು ನೀರು ತುಂಬಿಸಿದ್ದಳು. ಹುಳಿ ಅಳೆಯುವ ಪಿಎಚ್ ಮೀಟರು ಐದು ತೋರಿಸಿತು. ಪೂರ್ತಿ ಹಾಕಿದರೂ ಐದೇ ಅಲ್ಲವೇ! ಇಷ್ಟು ಸುಲಭದ ವಿಷಯ ಓದಿದವರಿಗೆ ಹೊಳೆದಿಲ್ಲವಲ್ಲ ಎಂದು ಅವಳಿಗೆ ಒಳಗೊಳಗೇ ಹಿಗ್ಗು.

ಕಾರ್ಖಾನೆಯ ಕೆಮಿಸ್ಟು ಬಂದರು. ಪ್ರಶ್ನೆ ಕೇಳದೆ ಅವರಿಗೆ ಮಾತೇ ಬರುತ್ತಿರಲಿಲ್ಲವಾದ್ದರಿಂದ ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು.

"ಬಫರ್ ಏನ್ ಮಾಡುತ್ತೆ, ಹೇಳಮ್ಮ."

"ಅದರಲ್ಲಿ ಇಬ್ಬರಿದ್ದಾರೆ ಸಾರ್. ಒಂದು ಮೆತ್ತನೆ ಆಮ್ಲ, ಇನ್ನೊಂದು ಅದೇ ಆಮ್ಲದ ಲವಣ. ಸೋಡ ಬಂದ್ರೆ ಆಮ್ಲ ಹಿಡ್ಕೊಳ್ಳುತ್ತೆ, ಜೋರು ಆಮ್ಲ ಬಂದ್ರೆ ಲವಣ ಹಿಡ್ಕೊಳ್ಳುತ್ತೆ. ಅದಕ್ಕೇ ಮೀಟರಿನ ಮುಳ್ಳು ಹೆಚ್ಚು ಅಲ್ಲಾಡಲ್ಲ."

"ಹಿಡ್ಕೊಳ್ಳೋಕೆ ಎಷ್ಟು ಜನ ಇದ್ದಾರೆ?"

ಉತ್ತರಕ್ಕೂ ಕಾಯದೆ ಮೇಷ್ಟ್ರು ಕಾಫಿಗೆ ಹೊರಟರು. ಅತ್ತಿಗೆ ಎರಡು ಗಾಜಿನ ಬೀಕರು ಎತ್ತಿಕೊಂಡಳು. ಒಂದು ಬೀಕರಿಗೆ ತೊಟ್ಟಿಯದನ್ನು, ಇನ್ನೊಂದಕ್ಕೆ ಮೇಷ್ಟ್ರೇ ಅಳತೆಯಂತೆ ಕಲಸಿಟ್ಟಿದ್ದ ಬಾಟಲಿಯದನ್ನು ಸುರಿದು, ಎರಡಕ್ಕೂ ಸೋಡ ನೀರು ಬಿಟ್ಟಳು. ಒಂದು ಹನಿಗೆ ಎರಡೂ ಐದು. ಹತ್ತನೆಯ ಹನಿಗೆ ಮೇಷ್ಟ್ರದ್ದು ಐದರ ಹತ್ತಿರವೇ ಇತ್ತು. ಅತ್ತಿಗೆಯದು ಏಳು ದಾಟಿ ಓಡುತ್ತಿತ್ತು.

ಅಷ್ಟರಲ್ಲಿ, ನೂಲನ್ನು ಸೋಡ ಹಾಕಿ ತೊಳೆಯುವ ವಿಭಾಗದಿಂದ ನಾದಿನಿ ಒದ್ದೆ ನೂಲಿನ ಗಾಡಿ ತಳ್ಳಿಕೊಂಡು ಬಂದಳು.

"ಏನತ್ತಿಗೆ, ನೂಲಿಗಿಂತ ಮೊದಲು ನಿಮ್ಮ ಮುಖಕ್ಕೇ ಬಣ್ಣ ಹಾಕ್ಕೊಂಡ್ರಾ?"

"ಗಾಡಿ ಅಲ್ಲೇ ನಿಲ್ಲಿಸು. ಸೋಡ ಹೋಗೋ ಹಾಗೆ ಜಾಲಿಸಿದ್ದೀಯಾ?"

"ಮೂರು ಸಲ. ಬೇಕಾದ್ರೆ ಕುಡೀಬಹುದು."

"ಕುಡಿಯೋದು ಬೇಡ, ಹಿಂಡು."

ಹಿಂಡಿದ ನೀರಿಗೆ ಮೀಟರು ಒಂಬತ್ತು ತೋರಿಸಿತು. "ಆ ಮೀಟರಿಗೆ ಮೊದಲಿಂದಲೂ ನನ್ನ ಕಂಡ್ರೆ ಆಗಲ್ಲ," ಎಂದಳು ನಾದಿನಿ.

ಅತ್ತಿಗೆ ನಗಲಿಲ್ಲ. ಇಷ್ಟು ಸೋಡ ಈ ತೆಳ್ಳನೆ ಬಫರಿಗೆ ಬಿದ್ದರೆ ಬಣ್ಣ ನೂಲಿಗೆ ಹತ್ತದೆ ನೀರಲ್ಲೇ ಉಳಿಯುತ್ತದೆ. ತೊಟ್ಟಿಯನ್ನು ಸರಿಮಾಡಲು ಇನ್ನಷ್ಟು ಆಮ್ಲ, ಲವಣ ಬೇಕು. ಉಗ್ರಾಣದ ಬೀಗ ತೆಗೆಯಲು ಮೇಷ್ಟ್ರ ಸಹಿ ಬೇಕು. ಸಹಿಗೆ ಕಾರಣ ಹೇಳಬೇಕು. ಸುಮ್ಮನಿದ್ದು ನೂಲನ್ನು ಮುಳುಗಿಸಿ ದೇವರ ಮೇಲೆ ಭಾರ ಹಾಕಬಹುದಿತ್ತು. ಅರ್ಧ ನಿಮಿಷ ಹಾಗೆ ಯೋಚಿಸಿದಳು ಕೂಡ. ಆಮೇಲೆ ಕಾಫಿ ಕುಡಿಯುತ್ತಿದ್ದ ಮೇಷ್ಟ್ರ ಎದುರು ಹೋಗಿ ನಿಂತಳು.

"ಕಾಲು ಪಾಲೇ ಹಾಕಿ ನೀರು ಬೆರೆಸಿದೆ ಸಾರ್. ಮೀಟರು ಐದು ಅಂತು, ನಂಬಿದೆ."

"ಮೀಟರು ಸುಳ್ಳು ಹೇಳಿಲ್ಲವಲ್ಲ. ನೀನು ಎಷ್ಟು ಹುಳಿ ಅಂತ ಕೇಳಿದೆ, ಹೇಳ್ತು. ಎಷ್ಟು ತಡ್ಕೊಳ್ಳುತ್ತೆ ಅಂತ ಕೇಳಿದ್ಯಾ?" ಎಂದು ಮೇಷ್ಟ್ರು ಲೋಟ ಕೆಳಗಿಟ್ಟು ಸಹಿ ಹಾಕಿದರು. ಅವರ ಮುಖ ನೋಡಿ ಪಾಸೋ ಫೇಲೋ ಎಂದು ಹೇಳಲು ಯಾರಿಂದಲೂ ಆಗುತ್ತಿರಲಿಲ್ಲ.

ನಾದಿನಿ ಗೊಣಗುತ್ತಲೇ ನಾಲ್ಕನೆಯ ಸಲ ಜಾಲಿಸಿದಳು. ಅತ್ತಿಗೆ ಈ ಸಲ ಪೂರ್ತಿ ಅಳತೆ ಹಾಕಿ, ಒಂದು ಬೀಕರಿನಲ್ಲಿ ಸೋಡ ಬಿಟ್ಟು ನೋಡಿದ ಮೇಲಷ್ಟೇ ನೂಲನ್ನು ಇಳಿಸಿದಳು. ಸಂಜೆ ಮೇಷ್ಟ್ರು ನೂಲಿನ ಲಡಿಗಳನ್ನು ಕಿಟಕಿಯ ಬಳಿ ಹಿಡಿದು, ಎಳೆ ಎಳೆ ಬಿಡಿಸಿ ನೋಡಿದರು. ತುದಿಯಿಂದ ತುದಿಗೆ ಒಂದೇ ನೀಲಿ.

"ಸೋಮವಾರ ಎಂಟಕ್ಕೆ ಬರೋಕಾಗುತ್ತಾ?" ಎಂದರು.

"ಜಾಲಿಸಿ ಕೈ ಮರಗಟ್ಟಿದ್ದು ನನಗೆ, ಪಾಸಾಗಿದ್ದು ಇವರು," ಎಂದಳು ನಾದಿನಿ.

"ಇನ್ನು ದಿನಾ ಹಿಂಡಿ ನೋಡೇ ನೂಲು ಒಳಗೆ ಬಿಡೋದು ಕಣೆ."

ನಾದಿನಿ ಮುನಿಸಿಕೊಂಡು ಬಸ್ಸಿನಲ್ಲಿ ಬೇರೆ ಸೀಟು ಹಿಡಿದಳು. ಎರಡು ನಿಲ್ದಾಣ ದಾಟುವುದರೊಳಗೆ ಎದ್ದು ಬಂದು ಅತ್ತಿಗೆಯನ್ನು ಒತ್ತರಿಸಿ ಪಕ್ಕದಲ್ಲೇ ಕೂತಳು.

"ಅದೇನೋ ಇಬ್ಬರಿದ್ದಾರೆ ಅಂತ ಮೇಷ್ಟ್ರಿಗೆ ಹೇಳಿದ್ರಂತಲ್ಲ, ಆಮ್ಲ, ಲವಣ ಅಂತ. ಮೊದಲಿಂದ ಹೇಳಿ, ನಿಧಾನಕ್ಕೆ."