ಗೆದ್ದಲು ಹತ್ತದ ಮನೆ

ನನ್ನ ಕೆಲಸ ಬೂಟು ತೊಳೆಸುವುದು. ನಗಬೇಡಿ. ಮುಚ್ಚಿಹೋದ ಬಣ್ಣದ ಕಾರ್ಖಾನೆಯ ಜಾಗದಲ್ಲಿ ಈಗ ವಿಷ ಹಿಡಿದ ಮಣ್ಣನ್ನು ಅಗೆದು ಸಾಗಿಸುತ್ತಿದ್ದಾರೆ. ಅದು ಮುಗಿದ ಮೇಲೆ ಅಲ್ಲಿ ಎತ್ತರೆತ್ತರದ ಮನೆಗಳು ಏಳುತ್ತವಂತೆ. ಒಳಗೆ ನೆಲದ ಮೇಲೆ ಒಂದು ಹಳದಿ ಗೆರೆ ಎಳೆದಿದ್ದಾರೆ. ಗೆರೆಯ ಆಚೆ ಕೊಳಕು. ಈಚೆ, ಗೇಟಿನ ಪಕ್ಕದಲ್ಲಿ, ಅಗೆತ ಮುಗಿದು ಹೊರಗಿನಿಂದ ತಂದ ಹೊಸ ಕೆಂಪು ಮಣ್ಣು ಹರಡಿದ ಶುಚಿ ಜಾಗ. ಆಚೆಯಿಂದ ಈಚೆಗೆ ಬರುವವರು ಯಾರೇ ಆಗಲಿ, ತೊಟ್ಟಿಯಲ್ಲಿ ಬೂಟು ತಿಕ್ಕಿ ತೊಳೆದೇ ಗೆರೆ ದಾಟಬೇಕು. ಕಳ್ಳಬೆಕ್ಕಿನಂತೆ ನುಸುಳುವವರನ್ನು ಹಿಡಿದು ವಾಪಸು ಕಳಿಸುವವಳು ನಾನು. ಗಂಡನನ್ನೂ ಬಿಡುವುದಿಲ್ಲ. ಅವನು ಅಲ್ಲೇ ಮಣ್ಣಿನ ಲಾರಿ ಓಡಿಸುತ್ತಾನೆ. "ಮನೇಲೂ ಇವಳದೇ ಕಾಟ, ಇಲ್ಲೂ ಇವಳದೇ" ಎಂದು ಗೊಣಗುತ್ತ ತಿಕ್ಕುತ್ತಾನೆ.

ಆ ವಿಷದ ಮಣ್ಣು ನೀಲಿ. ಅಗೆದಾಗ ಒಂದು ಕಹಿ ವಾಸನೆ ಎದ್ದು ಗಂಟಲಿಗೆ ಅಂಟಿಕೊಳ್ಳುತ್ತದೆ. ಒಮ್ಮೆ ಮೂಸಿದವರು ಅದನ್ನು ಮರೆಯುವುದಿಲ್ಲ. ಹಾಗಾಗಿಯೇ, ನಮ್ಮ ಮನೆಯ ನೀರಿನ ಪೈಪು ಒಡೆದು, ರಿಪೇರಿಗೆ ಬಂದವನು ನಡುಮನೆಯ ನೆಲ ಒಡೆದಾಗ, ಒಲೆಯ ಮುಂದಿದ್ದ ನನಗೆ ಮೂಗೇ ಸುದ್ದಿ ಕೊಟ್ಟಿತು. ಓಡಿ ಬಂದು ನೋಡಿದೆ. ಸಿಮೆಂಟಿನ ಕೆಳಗೆಲ್ಲ ನೀಲಿ.

"ಮಾವ, ಏನಿದು?"

ಮಾವನಿಗೆ ಹೆಮ್ಮೆಯೇ ಆಯಿತು. ಆ ಕಾರ್ಖಾನೆಯಲ್ಲೇ ಆಯುಷ್ಯ ಸವೆಸಿದವರು ಅವರು. "ಕಾರ್ಖಾನೆ ಮಣ್ಣು ಕಣಮ್ಮ! ಬೇಕಾದೋರು ತಗೊಂಡು ಹೋಗಿ ಅಂತಿದ್ರು. ಬೀದಿಯೋರೆಲ್ಲ ಹೊತ್ಕೊಂಡು ಬಂದು ನೆಲಕ್ಕೆ ತುಂಬಿಸ್ಕೊಂಡ್ವಿ. ಇದನ್ನ ಹಾಕಿದ ಕಡೆ ಗೆದ್ದಲು ಹತ್ತಲ್ಲ, ಇರುವೆ ಸುಳಿಯಲ್ಲ, ಹುಲ್ಲೂ ಹುಟ್ಟಲ್ಲ. ಈ ಮನೇಲಿ ಒಂದೇ ಒಂದು ಬಾಗಿಲು ಹುಳ ತಿಂದಿದ್ರೆ ತೋರ್ಸು ನೋಡೋಣ!"

ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವ ಜನ. ಇರುವೆಗೆ ತಿಳಿದದ್ದು ಇಡೀ ಬೀದಿಗೆ ತಿಳಿಯಲಿಲ್ಲ.

ರಿಪೇರಿಯವನು ಅದೇ ಮಣ್ಣು ಮುಚ್ಚಿ, ಮೇಲೆ ಸಿಮೆಂಟು ಬಳಿದು ಹೋದ. ಆದರೆ ಆವತ್ತಿನಿಂದ ನನಗೆ ನೆಲದ ತುಂಬ ಬಿರುಕುಗಳೇ ಕಾಣತೊಡಗಿದವು. ನನ್ನ ಮಗಳು ಗುಬ್ಬಿ ಆಗತಾನೇ ಗೋಡೆ ಹಿಡಿದು ನಿಲ್ಲಲು ಕಲಿತಿದ್ದಳು. ಸಿಕ್ಕಿದ್ದೆಲ್ಲ ಬಾಯಿಗೆ ಹಾಕುವ ವಯಸ್ಸು. ಅವಳನ್ನೆತ್ತಿ ಮಂಚದ ಮೇಲೆ ಕೂರಿಸಿದೆ. ಕೆಳಗಿಳಿಸಲಿಲ್ಲ.

ಕೆಲಸದ ಜಾಗದ ಮೇಲ್ವಿಚಾರಕರನ್ನು ನಾವು ಟೋಪಿ ಸಾಹೇಬರು ಎನ್ನುತ್ತೇವೆ. ತಲೆಯ ಮೇಲಿನ ಟೋಪಿ ತೆಗೆದದ್ದನ್ನು ಕಂಡವರಿಲ್ಲ. ಅವರನ್ನೇ ಕೇಳಿದೆ.

"ಕಾಂಪೌಂಡ್ ಒಳಗಿನ ಮಣ್ಣಷ್ಟೇ ನಮ್ಮದಮ್ಮ. ಹೊರಗಿನದಕ್ಕೆ ನಾನು ಕೈ ಹಾಕೋ ಹಾಗಿಲ್ಲ. ನೀನು ದೂರು ಕೊಟ್ರೆ ಪರೀಕ್ಷೆ ಮಾಡ್ತಾರೆ. ವಿಷ ಅಂತಾದ್ರೆ ಬೀದಿ ಪೂರ್ತಿ ಖಾಲಿ ಮಾಡಿಸ್ತಾರೆ."

"ಖಾಲಿ ಮಾಡ್ಸಿ ಎಲ್ಲಿಗೆ ಕಳಿಸ್ತಾರೆ ಸಾಹೇಬ್ರೆ?"

"ಅದು ನನಗೂ ಗೊತ್ತಿಲ್ಲ."

ಸುಳ್ಳು ಹೇಳಲಿಲ್ಲವಲ್ಲ ಎಂದುಕೊಂಡು ಬಂದೆ. ಗಂಡನಿಗೆ ಹೇಳಿದರೆ ಅವನು ಬಾಗಿಲು ಮುಚ್ಚಿ, ದನಿ ತಗ್ಗಿಸಿ, "ಇನ್ನೊಬ್ಬರ ಮುಂದೆ ಬಾಯಿ ಬಿಟ್ಟೀಯ! ಬೀದಿಯೋರು ನಮ್ಮನ್ನ ಹುರಿದು ತಿಂತಾರೆ. ಈ ಮನೆ ಬಿಟ್ರೆ ನಮಗೆ ಇನ್ನೆಲ್ಲಿದೆ? ಅಪ್ಪ ಬರ್ತಾರಾ?" ಎಂದ. ಅತ್ತ ದರಿ, ಇತ್ತ ಪುಲಿ. ನನಗೆ ಅವನ ಮೇಲೆ ಕೋಪ ಬಂತು. ಅವನ ಮಾತು ನಿಜವಾಗಿತ್ತು ಎಂಬುದಕ್ಕೆ ಇನ್ನಷ್ಟು ಬಂತು.

ಹಗಲು ಮಗುವನ್ನು ನೋಡಿಕೊಳ್ಳುವವರು ಮಾವ. ಹೊರಡುವಾಗ ದಿನವೂ ಬೇಡಿಕೊಳ್ಳುತ್ತಿದ್ದೆ: "ಕೆಳಗೆ ಮಾತ್ರ ಬಿಡಬೇಡಿ ಮಾವ." ಅವರು ಮುಖ ತಿರುಗಿಸುತ್ತಿದ್ದರು. "ಕೋಳೀನ ಬುಟ್ಟಿ ಕೆಳಗೆ ಕವುಚಿ ಹಾಕ್ದಂಗೆ ಮಗೂನ ಕೂಡಿಹಾಕ್ತಿದೀಯ. ನಾನು ಈ ನೆಲದ ಮೇಲೇ ಬದುಕಿದೋನು. ನನಗೇನಾಗಿದೆ?" ನಾನು ಗೇಟಿನಲ್ಲಿ ನಿಂತು ಕಂಡವರ ಬೂಟು ತೊಳೆಸುತ್ತಿದ್ದೆ. ನನ್ನ ಮಗಳು ಮಂಚದ ಅಂಚು ಹಿಡಿದು ಅತ್ತಿತ್ತ ಓಲಾಡುತ್ತ ಅಳುತ್ತಿದ್ದಳು. ಸಂಜೆ ನಾನೂ ಹೋಗಿ ಆ ಮಂಚ ಸೇರುತ್ತಿದ್ದೆ.

ಒಂದು ಮಧ್ಯಾಹ್ನ ಲಾರಿಗಳು ಬರಲಿಲ್ಲ, ಬೇಗ ಮನೆಗೆ ಬಂದೆ. ಗುಬ್ಬಿ ನೆಲದ ಮೇಲೆ ಕೂತಿದ್ದಳು. ಹೊಸ ಸಿಮೆಂಟು ಆಗಲೇ ಬಾಯಿ ಬಿಟ್ಟಿತ್ತು. ಅದರೊಳಗೆ ಬೆರಳಿಟ್ಟು ಕೆದಕುತ್ತಿದ್ದಳು. ಬೆರಳ ತುದಿ ನೀಲಿ. ಮಾವ ಕುರ್ಚಿಯ ಮೇಲೆ ಕೂತು, "ಬಾ ಬಾ, ತಾತನ ಹತ್ರ ಬಾ" ಎಂದು ಕರೆಯುತ್ತಿದ್ದರು.

ಮಗುವನ್ನು ಕಿತ್ತುಕೊಂಡು ಬೆರಳು ತಿಕ್ಕಿ ತೊಳೆದೆ. ಅವಳು ಕಿರುಚಿದಳು, ನಾನೂ ಕಿರುಚಿದೆ. ಆಡಬಾರದೆಂದುಕೊಂಡಿದ್ದ ಮಾತು ಆಗಲೇ ಬಾಯಿಂದ ಬಿತ್ತು.

"ಅತ್ತೆ ಯಾಕೆ ಅಷ್ಟು ಬೇಗ ಹೋದ್ರು ಮಾವ? ಅವರಿಗೇನಾಗಿತ್ತು?"

ಮಾವ ನನ್ನನ್ನು ನೋಡಲಿಲ್ಲ. ಕಿಟಕಿಯ ಕೆಳಗಿನ ನೆಲವನ್ನು ನೋಡುತ್ತ ಕೂತರು. ಅಲ್ಲಿ ಏನೂ ಇರಲಿಲ್ಲ.

"ಅವಳು ಮಂಚ ಹತ್ತಿದೋಳೇ ಅಲ್ಲ" ಎಂದರು ಕೊನೆಗೆ. "ನೆಲವೇ ತಂಪು ಅಂತ ಅಲ್ಲೇ ಮಲಗ್ತಿದ್ಲು. ಕೆಮ್ಮು ಜಾಸ್ತಿ ಆದ್ಮೇಲೂ ಅಲ್ಲೇ." ಆಮೇಲೆ ಮೆಲ್ಲಗೆ, "ಆ ಮಣ್ಣನ್ನ ನಾನೇ ಹೊತ್ತು ತಂದಿದ್ದು" ಎಂದರು. ಎರಡೂ ಪಾದಗಳನ್ನು ನೆಲದಿಂದ ಎತ್ತಿ ಕುರ್ಚಿಯ ಮೇಲೆ ಮಡಚಿಕೊಂಡರು. ನನ್ನ ಕೋಪ ಎಲ್ಲಿ ಹೋಯಿತೋ ಗೊತ್ತಿಲ್ಲ. ಅಳು ಬಂತು.

ಮರುದಿನ ಬೆಳಿಗ್ಗೆ ನಾನು ಗೇಟಿನಲ್ಲಿದ್ದೆ. ಮಾವ ಗುಬ್ಬಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದರು.

"ಒಳಗೆ ಹೊಸ ಮಣ್ಣು ಹಾಕಿದೀರಂತಲ್ಲಮ್ಮ. ಸ್ವಲ್ಪ ಹೊತ್ತು ಬಿಡ್ತೀಯಾ?"

ಹೊರಗಿನವರನ್ನು ಬಿಡುವ ಹಾಗಿಲ್ಲ. ಬಿಟ್ಟೆ. ಇಬ್ಬರನ್ನೂ ತೊಟ್ಟಿಯ ಬಳಿ ಕರೆದೊಯ್ದು ಮೊದಲು ಮಗಳ ಪಾದ ತೊಳೆದೆ. ಆಮೇಲೆ ಬಗ್ಗಿ ಮಾವನ ಪಾದ ತೊಳೆದೆ. ಟೋಪಿ ಸಾಹೇಬರು ಓಡಿ ಬಂದರು.

"ಏನಮ್ಮ ಇದು! ಕೊಳಕು ಕಡೆಯಿಂದ ಬರೋರು ತಾನೇ ತೊಳೀಬೇಕು?"

"ಅಲ್ಲಿಂದಲೇ ಬಂದೋರು ಸಾಹೇಬ್ರೆ. ನಮ್ಮನೆಯಿಂದ."

ಅವರು ನಿಂತರು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಬೇರೆ ಕಡೆ ನೋಡಿದರು. ಪಾಪ, ತಲೆ ಪೂರ್ತಿ ಬೋಳು.

ಗುಬ್ಬಿಯನ್ನು ಕೆಂಪು ಮಣ್ಣಿನ ಮೇಲೆ ಇಳಿಸಿದೆ. ಮೊದಲು ಅಲುಗಾಡದೆ ನಿಂತಳು. ಆಮೇಲೆ ಒಂದು ಹೆಜ್ಜೆ ಇಟ್ಟಳು. ಬಿದ್ದಳು, ಎದ್ದಳು, ಕೇಕೆ ಹಾಕುತ್ತ ಇನ್ನಷ್ಟು ನಡೆದಳು. ಅವಳ ಕೈಗೆ, ತುಟಿಗೆಲ್ಲ ಮಣ್ಣು. ಯಾರೂ ತಡೆಯಲಿಲ್ಲ. ಸಾಕೆನ್ನಿಸುವವರೆಗೆ ನಡೆಯಲಿ ಎಂದು ಬಿಟ್ಟೆವು, ಅವಳಿಗೆ ಸಾಕೆನ್ನಿಸಲೇ ಇಲ್ಲ.

ಕೊನೆಗೆ ಸಾಹೇಬರೇ ಟೋಪಿ ಹಾಕಿಕೊಂಡು, "ಇನ್ನು ಕರ್ಕೊಂಡು ಹೋಗಮ್ಮ, ದೊಡ್ಡವರು ಬರೋ ಹೊತ್ತಾಯ್ತು" ಎಂದರು. ಅವಳನ್ನು ಎತ್ತಿಕೊಂಡೆ. ಮಾವ ಹಿಂದೆ ಬಂದರು. ಮನೆಯ ಬೀಗ ತೆಗೆದು, ಹೊಸಿಲಿನ ಹೊರಗೇ ನಿಂತೆ. ಒಳಗೆ ಆ ನೆಲ, ಆ ಮಂಚ. ನಡೆಯಲು ಕಲಿತ ಮಗಳು ಕೆಳಗಿಳಿಸು ಎಂದು ನನ್ನ ತೋಳಿನಲ್ಲಿ ಒದ್ದಾಡುತ್ತಿದ್ದಳು.